ಸಿಗ್ನಲ್ ಬಂದರೆ ನಿಂತುಹೋಗುವ ಮಾರುತಿ 800: ಕಾರ್ಬುರೇಟರ್ ಬಿಚ್ಚುವ ಮೊದಲು ನೋಡಬೇಕಾದದ್ದು

ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿ ಬೆಳಿಗ್ಗೆ ಚೋಕ್ ಎಳೆದು ಕೀಲಿ ತಿರುಗಿಸಿದರೆ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತಿತ್ತು. ಆನಂದಪುರ, ಕುಂಸಿ, ಆಯನೂರು ದಾಟುವವರೆಗೆ 60ರ ವೇಗದಲ್ಲಿ ಒಂದು ತಕರಾರೂ ಇಲ್ಲ. ಶಿವಮೊಗ್ಗದ ಮೊದಲ ಸಿಗ್ನಲ್ ಬಂದು ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಸಾಕು, ಎಂಜಿನ್ ಎರಡು ಸಲ ಕುಂಟಿ, ಆಯಿಲ್ ದೀಪವೂ ಬ್ಯಾಟರಿ ದೀಪವೂ ಕೆಂಪಗೆ ಹತ್ತಿ, ಗಾಡಿ ಸುಮ್ಮನಾಗುತ್ತಿತ್ತು. ಮತ್ತೆ ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು. ಹಿಂದಿದ್ದವರ ಹಾರ್ನ್ ಮಾತ್ರ ಮುಂದಿನ ಸಿಗ್ನಲ್‌ವರೆಗೂ ಜೊತೆಗೆ ಬರುತ್ತಿತ್ತು.

ನನ್ನದು 1997ರ ಮಾದರಿ, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ) ಇರುವ ಮಾರುತಿ 800. ಈ ಒಂದು ದೋಷಕ್ಕಾಗಿ ಅದರ ಕಾರ್ಬುರೇಟರನ್ನು ಮೂರು ಸಲ ಬಿಚ್ಚಿಸಿ ತೊಳೆಸಿದ್ದೇನೆ. ಮೂರು ಸಲವೂ ನಾಲ್ಕು ದಿನ ಸರಿಯಿದ್ದು ಐದನೆಯ ದಿನ ಮತ್ತೆ ಅದೇ ಕಥೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ ಎಂದು ಆಮೇಲೆ ತಿಳಿಯಿತು. ಹಳೆಯ ಗಾಡಿ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ತಾನಾಗಿ ತಿರುಗುವಾಗ, ಸತ್ತುಹೋದರೆ ಎಲ್ಲರ ಕೈಯೂ ಮೊದಲು ಹೋಗುವುದು ಕಾರ್ಬುರೇಟರಿನ ಸ್ಕ್ರೂಗೆ. ಅದು ಕೊನೆಗೆ ಮುಟ್ಟಬೇಕಾದದ್ದು. ಕೆಳಗೆ ಹೇಳಿರುವ ಕ್ರಮ ನಾನು ದುಡ್ಡು ಕಳೆದುಕೊಂಡು ಕಲಿತದ್ದು. 800ಕ್ಕೆಂದು ಬರೆದಿದ್ದರೂ ಓಮ್ನಿಗೆ ಹೆಚ್ಚುಕಡಿಮೆ ಹಾಗೆಯೇ ಹೊಂದುತ್ತದೆ. ಪದ್ಮಿನಿ, ಅಂಬಾಸಡರ್ ಇಟ್ಟುಕೊಂಡವರಿಗೂ ಅಳತೆಗಳನ್ನು ಬಿಟ್ಟರೆ ದಾರಿ ಅದೇ.

60ರಲ್ಲಿ ಕಾಣದ ಕಾಯಿಲೆ ನಿಂತಾಗ ಏಕೆ ಕಾಣಿಸುತ್ತದೆ ಎಂಬುದನ್ನು ಒಮ್ಮೆ ಅರ್ಥಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ. ಎಂಜಿನ್‌ಗೆ ಸಿಗುವುದು ಕೂದಲೆಳೆಯಷ್ಟು ಸಂದಿನಿಂದ ಬರುವ ಗಾಳಿ ಮತ್ತು ಸ್ಲೋ ಜೆಟ್ ಎಂಬ ಸಣ್ಣ ತೂತಿನಿಂದ ಬರುವ ಹನಿ ಪೆಟ್ರೋಲ್. ಬಾಗಿಲಿನಾಚೆ, ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡ್ ಒಳಗೆ, ನಿರ್ವಾತ ಅತಿ ಹೆಚ್ಚಿರುವುದೂ ಆಗಲೇ. ಎಲ್ಲೋ ಒಂದು ರಬ್ಬರ್ ಕೊಳವೆ ಗುಂಡುಸೂಜಿ ತಲೆಯಷ್ಟು ಬಿರುಕು ಬಿಟ್ಟಿದ್ದರೂ ಅಲ್ಲಿಂದ ನುಗ್ಗುವ ಗಾಳಿ ಆ ಹೊತ್ತಿನ ಒಟ್ಟು ಗಾಳಿಯಲ್ಲಿ ದೊಡ್ಡ ಪಾಲಾಗುತ್ತದೆ. ವೇಗದಲ್ಲಿ ಹೋಗುವಾಗ ಅಷ್ಟೇ ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ಅದರ ಮೇಲೆ 800ರದ್ದು 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್. ನಿಮಿಷಕ್ಕೆ 900 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರ್ 450 ಸಲ ಉರಿಯುತ್ತದೆ, ಮೂರೂ ಸೇರಿ ಸೆಕೆಂಡಿಗೆ ಇಪ್ಪತ್ತೆರಡೂವರೆ ಸಲ. ಒಂದು ಕೈಕೊಟ್ಟರೆ ಉಳಿಯುವುದು ಹದಿನೈದು. ನಾಲ್ಕು ಸಿಲಿಂಡರ್ ಇರುವ ಗಾಡಿ ಒಂದು ಕಾಲು ಮುರಿದ ಮಂಚದಂತೆ ಹೇಗೋ ನಿಂತೀತು, ಮೂರು ಕಾಲಿನ ಮಣೆಗೆ ಆ ಭಾಗ್ಯವಿಲ್ಲ.

ಸ್ಪ್ಯಾನರ್ ಹಿಡಿಯುವ ಮೊದಲು ಒಂದು ವಾರ ಗಾಡಿಯ ನಡವಳಿಕೆಯನ್ನು ಬರೆದಿಡಿ. ಬೆಳಿಗ್ಗೆ ತಣ್ಣಗಿರುವಾಗ ನಿಂತುಹೋಗುತ್ತದೆಯೋ, ಬಿಸಿಯಾದ ಮೇಲೋ? ನಿಂತ ತಕ್ಷಣ ಸ್ಟಾರ್ಟ್ ಆಗುತ್ತದೆಯೋ, ಇಪ್ಪತ್ತು ನಿಮಿಷ ಕಾಯಬೇಕೋ? ಮಳೆ ಬಂದ ದಿನ ಮಾತ್ರವೋ? ಎ.ಸಿ. ಹಾಕಿದಾಗ, ಹೆಡ್‌ಲೈಟ್ ಹಾಕಿದಾಗ ಮಾತ್ರವೋ? ಚೋಕ್ ಅರ್ಧ ಎಳೆದರೆ ಸುಧಾರಿಸುತ್ತದೆಯೋ, ಇನ್ನೂ ಕೆಡುತ್ತದೆಯೋ? ಈ ಕೊನೆಯ ಪ್ರಶ್ನೆಗೆ ಬೆಲೆ ಹೆಚ್ಚು. ಬಿಸಿ ಎಂಜಿನ್ ಚೋಕ್ ಎಳೆದಾಗ ನೆಟ್ಟಗಾದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಗಾಳಿ ಹೆಚ್ಚಾಗಿದೆ. ಚೋಕ್ ಎಳೆದ ಕೂಡಲೇ ಕಪ್ಪು ಹೊಗೆ ಬಿಟ್ಟು ಸತ್ತರೆ ಪೆಟ್ರೋಲ್ ಆಗಲೇ ಹೆಚ್ಚಾಗಿತ್ತು. ಆ ಪ್ರಯೋಗಕ್ಕೆ ಮುಂಚೆ ಏರ್‌ಫಿಲ್ಟರ್ ಮುಚ್ಚಳ ತೆಗೆದು, ಒಳಗಿನವರೊಬ್ಬರಿಗೆ ಚೋಕ್ ಗುಂಡಿ ಒಳತಳ್ಳಲು ಹೇಳಿ, ಚೋಕ್ ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂದು ಕಣ್ಣಾರೆ ನೋಡಿ. ಕೇಬಲ್ ತುಕ್ಕು ಹಿಡಿದು, ಗುಂಡಿ ಒಳಗಿದ್ದರೂ ಬಾಗಿಲು ಅರ್ಧ ಮುಚ್ಚಿಕೊಂಡ ಗಾಡಿಗಳನ್ನು ನಾನೇ ಎರಡು ನೋಡಿದ್ದೇನೆ. ಎರಡಕ್ಕೂ ಖರ್ಚಾದದ್ದು ನಾಲ್ಕು ಹನಿ ಎಣ್ಣೆ.

ಕಿವಿ ಮತ್ತು ಕಾಗದ

ಗಾಡಿಯನ್ನು ಬಯಲಿನಲ್ಲಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಪಂಚೆ ಉಟ್ಟವರು, ಹೆಗಲ ಮೇಲೆ ಟವೆಲ್ ಹಾಕುವವರು ಅದನ್ನು ಬದಿಗಿಟ್ಟು ಬನ್ನಿ. ರೇಡಿಯೇಟರಿನ ಕರೆಂಟ್ ಫ್ಯಾನ್ ಯಾವಾಗ ತಿರುಗುತ್ತದೆಂದು ಹೇಳಿ ತಿರುಗುವುದಿಲ್ಲ.

ಎಂಜಿನ್ ಬಿಸಿಯಾದ ಮೇಲೆ ಹಿಂದೆ ಹೋಗಿ ಸೈಲೆನ್ಸರ್ ಬಾಯಿಯಿಂದ ಎರಡು ಬೆರಳು ದೂರದಲ್ಲಿ ಅರ್ಧ ಹಾಳೆ ದಿನಪತ್ರಿಕೆ ಹಿಡಿಯಿರಿ. ಆರೋಗ್ಯವಂತ ಎಂಜಿನ್ ಅದನ್ನು ಒಂದೇ ಸಮನೆ ಹೊರಕ್ಕೆ ತಳ್ಳುತ್ತದೆ. ತಾಳ ತಪ್ಪದೆ, ಎಣಿಸಬಹುದಾದಂತೆ, ಮೂರಕ್ಕೊಮ್ಮೆ ಬಡಿತ ತಪ್ಪಿದರೆ ಒಂದೇ ಸಿಲಿಂಡರಿನ ತೊಂದರೆ: ಪ್ಲಗ್, ಅದಕ್ಕೆ ಕರೆಂಟ್ ತರುವ ಲೀಡ್ ಅಥವಾ ವಾಲ್ವ್. ಗೊತ್ತುಗುರಿಯಿಲ್ಲದೆ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ತಪ್ಪಿದರೆ ಮೂರಕ್ಕೂ ಸೇರಿದ ತೊಂದರೆ: ಗಾಳಿ, ಪೆಟ್ರೋಲ್, ಕಿಡಿಗಾಗಿ ಕರೆಂಟನ್ನು ಕಡಿದು ಕೂಡಿಸುವ ಸಿಬಿ ಪಾಯಿಂಟ್. ಕಾಗದ ನಡುನಡುವೆ ಒಳಕ್ಕೆ ಎಳೆದುಕೊಂಡು ಪೈಪಿಗೆ ಅಂಟಿದರೆ ಎಕ್ಸಾಸ್ಟ್ ವಾಲ್ವ್ ಸುಟ್ಟಿರುವ ಅನುಮಾನ.

ಕಾಗದ ಸಮವಾಗಿ ಹಾರುತ್ತಿದ್ದು, ಒಳಗೆ ಕೂತವರಿಗೆ ಮಾತ್ರ ಹಲ್ಲು ಕಟಕಟಿಸುವಂತೆ ನಡುಕವಿದ್ದರೆ ಎಂಜಿನ್ ಸರಿಯಿದೆ, ಅದನ್ನು ಹೊತ್ತಿರುವ ಮೌಂಟಿಂಗ್ ರಬ್ಬರ್ ಹರಿದಿದೆ. ಮೂರು ಸಿಲಿಂಡರಿನ ಗಾಡಿಗಳಲ್ಲಿ ಈ ತಪ್ಪು ತೀರ್ಮಾನ ತೀರಾ ಸಾಮಾನ್ಯ. ರಬ್ಬರ್ ಬದಲಿಸುವುದರ ಬದಲು ಐಡ್ಲಿಂಗ್ ಏರಿಸಿ ಕಳಿಸುವ ಗ್ಯಾರೇಜುಗಳೂ ಇವೆ.

ಯಾವ ಸಿಲಿಂಡರ್ ಎಂದು ಹಿಡಿಯಲು ರಬ್ಬರ್ ಹಿಡಿಯ ಇಕ್ಕುಳದಿಂದ ಪ್ಲಗ್ ಲೀಡ್‌ಗಳನ್ನು ಒಂದೊಂದಾಗಿ ಕಳಚಿ, ಎಂಜಿನ್ ಬಾಡಿಗೆ ತಾಗಿಸಿ ಹಿಡಿದು, ಮತ್ತೆ ಸಿಕ್ಕಿಸಿ. ಬರಿಗೈಯಲ್ಲಿ ಬೇಡ, ಒಮ್ಮೆ ಹೊಡೆಸಿಕೊಂಡರೆ ಮೊಣಕೈವರೆಗೆ ನೆನಪಿರುತ್ತದೆ. ಕೆಲಸ ಮಾಡುವ ಸಿಲಿಂಡರಿನ ಲೀಡ್ ತೆಗೆದರೆ ಎಂಜಿನ್ ಇನ್ನಷ್ಟು ಕುಂಟುತ್ತದೆ. ಯಾವುದನ್ನು ತೆಗೆದರೂ ವ್ಯತ್ಯಾಸ ಕಾಣುವುದಿಲ್ಲವೋ ಅದೇ ಮಲಗಿರುವ ಸಿಲಿಂಡರ್. ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಾದರೆ ಒಂದೊಂದಕ್ಕೆ ಕೆಲವೇ ಸೆಕೆಂಡು ಸಾಕು, ಉರಿಯದ ಪೆಟ್ರೋಲ್ ಹೋಗಿ ಅದನ್ನು ಸುಡುತ್ತದೆ.

ಕಿಡಿ

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವ ‘ಮಿಸ್ಸಿಂಗ್’ (ಬಡಿತ ತಪ್ಪುವ) ದೂರುಗಳಿಗೆ ನಾನು ಮೊದಲು ನೋಡುವುದು ಕಿಡಿಯ ಕರೆಂಟನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್, ಹಳೆಯ ಮೇಸ್ತ್ರಿಗಳ ಬಾಯಲ್ಲಿ ಡೆಲ್ಕೋ ಕ್ಯಾಪ್. ರಾತ್ರಿ ಅಂಗಳದ ದೀಪ ಆರಿಸಿ, ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗ ಸುಮ್ಮನೆ ನಿಂತು ನೋಡಿ. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ, ಲೀಡ್ ಹಳೆಯದಾಗಿದ್ದರೆ ಅದರ ಮೈಮೇಲೆ ಮಿಂಚುಹುಳದಂತೆ ನೀಲಿ ಕಿಡಿ ಹರಿಯುವುದು ಕಾಣುತ್ತದೆ. ಕಾಣದಿದ್ದರೆ ಬಟ್ಟೆಗೆ ಇಸ್ತ್ರಿ ಹಾಕುವಾಗ ನೀರು ಚಿಮುಕಿಸುವ ಬಾಟಲಿಯಿಂದ ಲೀಡ್‌ಗಳ ಮೇಲೆ ಒಂದೆರಡು ಸಲ ಮಂಜಿನಂತೆ ಸಿಂಪಡಿಸಿ. ಮಳೆಗಾಲವನ್ನು ಮನೆಗೇ ಕರೆಸಿಕೊಂಡಂತಾಗುತ್ತದೆ. ಆಗ ಎಂಜಿನ್ ಕುಂಟಲು ತೊಡಗಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಕ್ಯಾಪ್ ತೆಗೆದು ಒಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒಂದು ಕಂಬದಿಂದ ಇನ್ನೊಂದಕ್ಕೆ ಪೆನ್ಸಿಲ್‌ನಿಂದ ಎಳೆದಂಥ ಕಪ್ಪು ಗೆರೆ ಇದ್ದರೆ ಅದು ಕರೆಂಟ್ ಸೋರಿ ಸುಟ್ಟ ಜಾಡು. ಉಜ್ಜಿದರೆ ಹೋಗುವುದಿಲ್ಲ, ಕ್ಯಾಪ್ ಬದಲಿಸಿ. ಬರೀ ಪಸೆಯಿದ್ದರೆ ಒಣಬಟ್ಟೆಯಲ್ಲಿ ಒರೆಸಿ ಬಿಸಿಲಿಗಿಟ್ಟರೆ ಸಾಕು.

ಸಿಬಿ ಪಾಯಿಂಟ್ ಇರುವ ಗಾಡಿಯಾದರೆ ಅದರ ಎರಡು ಮುಖಗಳನ್ನು ಬಿಡಿಸಿ ನೋಡಿ. ಒಂದರ ಮೇಲೆ ಗುಡ್ಡ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಗುಂಡಿ ಬಿದ್ದಿದ್ದರೆ ಪಾಯಿಂಟ್ ಜೊತೆ ಕಂಡೆನ್ಸರನ್ನೂ ಬದಲಿಸಬೇಕು. ಕಂಡೆನ್ಸರ್ ಬಿಟ್ಟು ಪಾಯಿಂಟ್ ಮಾತ್ರ ಹಾಕಿದರೆ ಹೊಸದೂ ಬೇಗ ಹಾಗೆಯೇ ಆಗುತ್ತದೆ. ಗ್ಯಾಪ್ 0.4ರಿಂದ 0.5 ಮಿ.ಮೀ. ಸಂದು ಅಳೆಯುವ ಫೀಲರ್ ಗೇಜ್‌ನ ಎಲೆ ಬೆಣ್ಣೆಯೊಳಗೆ ಚಾಕು ಹೋದಂತೆ ಹೋಗಬಾರದು, ಎಳೆದಾಡುವಂತೆಯೂ ಇರಬಾರದು. ಸಣ್ಣ ತಡೆ ಕೈಗೆ ತಿಳಿಯಬೇಕು. ಪಾಯಿಂಟಿನ ಹಿಮ್ಮಡಿ ಸವೆದು ಗ್ಯಾಪ್ ಕಿರಿದಾದಷ್ಟೂ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದೆ ಬೀಳುತ್ತದೆ, ಐಡ್ಲಿಂಗ್ ತಾನಾಗಿ ಇಳಿಯುತ್ತದೆ. ಜನ ಇದಕ್ಕೆ ಕಾರ್ಬುರೇಟರ್ ಸ್ಕ್ರೂ ತಿರುಗಿಸುತ್ತಾರೆ. ಹೀಗೆ ಆರು ತಿಂಗಳಿಗೊಮ್ಮೆ ತಿರುಗಿಸಿ ತಿರುಗಿಸಿ ಯಾವುದೂ ಅದರ ಜಾಗದಲ್ಲಿರದ ಗಾಡಿಗಳು ಊರು ತುಂಬ ಇವೆ. ಗ್ಯಾಪ್ ಬದಲಾಯಿಸಿದ ಮೇಲೆ ಟೈಮಿಂಗ್ ನೋಡದೆ ಬಿಡಬೇಡಿ.

ಪ್ಲಗ್‌ಗಳನ್ನು ತೆಗೆದು ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಡಿ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಸರಿ. ಒಣ ಕಾಡಿಗೆ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಸುಣ್ಣ ಬಳಿದಂತಿದ್ದರೆ ಗಾಳಿ ಹೆಚ್ಚು, ಜಿಡ್ಡು ಹಸಿಯಿದ್ದರೆ ಎಂಜಿನ್ ಆಯಿಲ್ ಮೇಲೆ ಬರುತ್ತಿದೆ. ಗ್ಯಾಪ್ 0.7ರಿಂದ 0.8 ಮಿ.ಮೀ. ಮೂರು ಲೀಡ್‌ಗಳನ್ನೂ ಮಲ್ಟಿಮೀಟರಿನಲ್ಲಿ ಅಳೆಯಿರಿ. ಒಂದು ಮಾತ್ರ ಉಳಿದೆರಡಕ್ಕಿಂತ ಬಹಳ ಹೆಚ್ಚು ತೋರಿಸಿದರೆ ಅದೇ ಕಳ್ಳ. ಡಿಸ್ಟ್ರಿಬ್ಯೂಟರಿನ ಪಕ್ಕದ ನಿರ್ವಾತದ ಡಬ್ಬಿಯ ಕೊಳವೆ ಕಳಚಿ ಬಾಯಿಂದ ಎಳೆದು, ತುದಿಗೆ ನಾಲಿಗೆ ಒತ್ತಿ ಹಿಡಿಯಿರಿ. ಒಳಗಿನ ತಟ್ಟೆ ಸರಿದು ಅಲ್ಲೇ ನಿಂತರೆ ಪೊರೆ ಸರಿಯಿದೆ.

ಇನ್ನೊಂದು. ಬಿಸಿಯಲ್ಲಿ ನಿಂತ ಗಾಡಿ ಇಪ್ಪತ್ತು ನಿಮಿಷ ಏನು ಮಾಡಿದರೂ ಸ್ಟಾರ್ಟ್ ಆಗದೆ, ತಣ್ಣಗಾದ ಮೇಲೆ ತಾನಾಗಿ ಸರಿಹೋದರೆ, ನಿಂತ ಆ ಗಳಿಗೆಯಲ್ಲೇ ಕಿಡಿ ಇದೆಯೇ ನೋಡಿ. ಇಲ್ಲದಿದ್ದರೆ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಿ. ಇದ್ದರೆ ಪೆಟ್ರೋಲ್ ಕಡೆ ಹೋಗಿ. ಮನೆಗೆ ತಂದು ತಣ್ಣಗೆ ಪರೀಕ್ಷಿಸಿದರೆ ಎಲ್ಲವೂ ಸರಿಯಿರುತ್ತದೆ.

ಕಳ್ಳಗಾಳಿ

ನನ್ನ ಗಾಡಿಯ ಕಥೆ ಮುಗಿದದ್ದು ಇಲ್ಲಿ. ಕಾರ್ಬುರೇಟರ್ ದಾಟಿ ಬರಬೇಕಾದ ಗಾಳಿ ಅದನ್ನು ತಪ್ಪಿಸಿ ಪಕ್ಕದಿಂದ ನುಗ್ಗುವುದಕ್ಕೆ ನಾನು ಇಟ್ಟುಕೊಂಡ ಹೆಸರು ಕಳ್ಳಗಾಳಿ. ಅದು ಬರುವ ದಾರಿಗಳು: ಕಾರ್ಬುರೇಟರ್ ಬುಡದ ಪ್ಯಾಕಿಂಗ್, ಮ್ಯಾನಿಫೋಲ್ಡ್ ಹೆಡ್ಡಿಗೆ ಕೂರುವ ಪ್ಯಾಕಿಂಗ್, ಟ್ಯಾಪೆಟ್ ಕವರಿನಿಂದ ಬರುವ ಉಸಿರುಕೊಳವೆ, ಬ್ರೇಕ್ ತುಳಿಯುವುದನ್ನು ಹಗುರಾಗಿಸುವ ಬೂಸ್ಟರ್ ಇರುವ ಗಾಡಿಯಲ್ಲಿ ಬ್ರೇಕ್ ಬೂಸ್ಟರಿನ ದಪ್ಪ ಕೊಳವೆ, ಎ.ಸಿ. ಹಾಕಿದಾಗ ಐಡ್ಲಿಂಗ್ ಏರಿಸುವ ಡಬ್ಬಿಯ ಕೊಳವೆ, ಮತ್ತು ಹಳೆಯ ಥ್ರಾಟಲ್ ದಂಡ ಸವೆದ ಕಿವಿಗಳು. ಮೊದಲು ಬಟ್ಟೆ ಸುತ್ತಿದ ಇಕ್ಕುಳದಿಂದ ಕೊಳವೆಗಳನ್ನು ಒಂದೊಂದಾಗಿ ಹಿಸುಕಿ. ಯಾವುದನ್ನು ಹಿಸುಕಿದಾಗ ಎಂಜಿನ್ ಸುಧಾರಿಸುತ್ತದೆಯೋ ಅದರ ಆಚೆ ತುದಿಯಲ್ಲಿ ತೂತಿದೆ. ಬೂಸ್ಟರ್ ಕೊಳವೆಯೇ ಆಗಿದ್ದರೆ ಅದನ್ನು ಐಡ್ಲಿಂಗ್ ತೊಂದರೆ ಎನ್ನಬೇಡಿ, ಬ್ರೇಕಿನ ತೊಂದರೆ ಎನ್ನಿ. ಎಂಜಿನ್ ನಿಂತಾಗ ಬೂಸ್ಟರಿಗೆ ನಿರ್ವಾತ ಸಿಗುವುದಿಲ್ಲ. ಒಂದೆರಡು ಸಲ ತುಳಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಇಳಿಯುವಾಗ ಅದು ಆಗಬಾರದು.

ನನ್ನ ಗಾಡಿಯ ಕೊಳವೆಗಳೆಲ್ಲ ಸರಿಯಿದ್ದವು. ನಾಲ್ಕನೆಯ ಸಲ ಕಾರ್ಬುರೇಟರ್ ತೊಳೆಸುವ ಬದಲು, ಈಗ ಕೆಲಸ ಬಿಟ್ಟು ಮನೆಯಲ್ಲಿರುವ ಒಬ್ಬ ಹಿರಿಯ ಮೇಸ್ತ್ರಿಯ ಬಳಿ ಹೋದೆ. ಅವರು ಮಾಡಿದ ಮೊದಲ ಕೆಲಸ ಕುರ್ಚಿ ತರಿಸಿಕೊಂಡು ಕೂತದ್ದು. ಅರ್ಧ ಗಂಟೆ ಎಂಜಿನ್ ಓಡಿಸಿಟ್ಟು ಕಾದರು.

‘ತಣ್ಣಗಿರುವಾಗ ಇದು ಸುಳ್ಳು ಹೇಳುತ್ತದೆ ಮಾರಾಯರೆ. ಬಿಸಿಯಾಗಲಿ, ತಾನೇ ಬಾಯಿ ಬಿಡುತ್ತದೆ,’ ಎಂದರು.

ರೇಡಿಯೇಟರ್ ಫ್ಯಾನ್ ಎರಡು ಸಲ ತಿರುಗಿ ನಿಂತ ಮೇಲೆ ಎಂಜಿನ್ ಕುಂಟಲು ತೊಡಗಿತು. ಆಗ ಅವರು ಸೂಜಿಯಿಲ್ಲದ ಸಿರಿಂಜಿನಲ್ಲಿ ಸ್ವಲ್ಪ ಎಂಜಿನ್ ಆಯಿಲ್ ತುಂಬಿಕೊಂಡು, ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ಕಪ್ಪು ಬೇಕಲೈಟ್ ಬಿಲ್ಲೆಯ ಸುತ್ತ ಹನಿಹನಿಯಾಗಿ ಬಿಡುತ್ತ ಬಂದರು. ಮುಂಭಾಗ, ಎಡಬದಿ, ಏನೂ ಆಗಲಿಲ್ಲ. ಹಿಂಬದಿಯ ಮೂಲೆಗೆ ಬಂದಾಗ ಎಣ್ಣೆ ಅಲ್ಲಿ ನಿಲ್ಲಲೇ ಇಲ್ಲ, ಸರಕ್ಕನೆ ಒಳಗೆ ಹೋಯಿತು. ಮೂರು ಸೆಕೆಂಡು ಎಂಜಿನ್ ಹೊಸ ಗಾಡಿಯಂತೆ ನಯವಾಗಿ ಓಡಿತು. ಹಿಂದಿನಿಂದ ಒಂದು ಎಳೆ ನೀಲಿ ಹೊಗೆ ಬಂತು. ಮತ್ತೆ ಕುಂಟಿತು.

ಬಿಚ್ಚಿದಾಗ ಬಿಲ್ಲೆಯ ಒಂದು ಮೂಲೆಯಲ್ಲಿ, ಬೋಲ್ಟ್ ತೂತಿನಿಂದ ಒಳಗಿನ ದೊಡ್ಡ ತೂತಿನವರೆಗೆ, ಉಗುರಿಗೆ ಸಿಕ್ಕುವ ಆದರೆ ಕಣ್ಣಿಗೆ ಸುಲಭವಾಗಿ ಕಾಣದ ಬಿರುಕು. ತಣ್ಣಗಿರುವಾಗ ಮುಚ್ಚಿಕೊಳ್ಳುತ್ತಿತ್ತು, ಬಿಸಿಗೆ ಹಿಗ್ಗಿ ಬಾಯಿ ಬಿಡುತ್ತಿತ್ತು. ಆ ಬಿರುಕು ಬಂದದ್ದಾದರೂ ಹೇಗೆ? ಮೂರು ಸಲ ಕಾರ್ಬುರೇಟರ್ ಬಿಚ್ಚಿ ಕೂರಿಸುವಾಗ ಹಳೆಯ ಪ್ಯಾಕಿಂಗನ್ನೇ ಹಾಕಿ, ಸೋರದಿರಲೆಂದು ನಟ್‌ಗಳನ್ನು ಪ್ರತಿ ಸಲವೂ ಒಂದು ಎಳೆ ಹೆಚ್ಚಿಗೆ ಬಿಗಿದದ್ದರಿಂದ. ಮೊದಲಿದ್ದದ್ದು ಬರೀ ಒಣಗಿದ ಪ್ಯಾಕಿಂಗ್ ಇರಬೇಕು. ಚಿಕಿತ್ಸೆಗೆಂದು ನಾನು ಕೊಟ್ಟ ದುಡ್ಡು ಅದನ್ನು ಮುರಿತಕ್ಕೆ ತಂದು ನಿಲ್ಲಿಸಿತ್ತು.

ಹುಡುಕಲು ಕಾರ್ಬುರೇಟರ್ ಕ್ಲೀನರ್ ಸ್ಪ್ರೇ, ಪೆಟ್ರೋಲ್ ಚಿಮುಕಿಸುವವರಿದ್ದಾರೆ. ಕೆಲಸ ಆಗುತ್ತದೆ, ಜೊತೆಗೆ ಬಿಸಿ ಎಂಜಿನ್ ಮೇಲೆ ಬೆಂಕಿಯೂ ಆಗಬಹುದು. ಎಣ್ಣೆ ಅಥವಾ ಸೋಪಿನ ನೀರು ಸಾಕು. ಎಣ್ಣೆ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಹೊಸ ಬಿಲ್ಲೆ ಕೂರಿಸುವ ಮೊದಲು ಕಾರ್ಬುರೇಟರ್ ಬುಡದ ಮೇಲೆ ಉಕ್ಕಿನ ಅಳತೆಪಟ್ಟಿ ಅಡ್ಡ ಇಟ್ಟು, ಕೆಳಗಿನಿಂದ ಬೆಳಕು ಕಾಣುತ್ತದೆಯೇ ನೋಡಿ. ಬಿಗಿದು ಬಿಗಿದು ಅದೂ ಬಾಗಿರುತ್ತದೆ. ನನ್ನದನ್ನು ಗಾಜಿನ ಮೇಲೆ ಹಾಸಿದ ನುಣುಪು ಉಜ್ಜುಕಾಗದದ ಮೇಲೆ ತಿಕ್ಕಿ ಸಮ ಮಾಡಬೇಕಾಯಿತು.

ಪೆಟ್ರೋಲ್

ಕೀಲಿಯನ್ನು ಸ್ಟಾರ್ಟ್ ಮಾಡದೆ ಆನ್ ಮಾತ್ರ ಮಾಡಿ, ಕಾರ್ಬುರೇಟರ್ ಹತ್ತಿರ ಕಿವಿಯಿಡಿ. ಅದರಲ್ಲಿರುವ ಸೋಲೆನಾಯ್ಡ್ ‘ಟಿಕ್’ ಎನ್ನಬೇಕು. ಕೀಲಿ ತೆಗೆದಾಗ ಎಂಜಿನ್ ಉರಿಯುತ್ತಲೇ ಇರದಂತೆ ಐಡ್ಲಿಂಗ್ ಪೆಟ್ರೋಲನ್ನು ತಡೆಯುವುದು ಅದರ ಕೆಲಸ. ವೈರ್ ಕಳಚಿದರೆ ಅಥವಾ ಅದು ಸುಟ್ಟರೆ ಯಾವಾಗಲೂ ತಡೆದೇ ಇಡುತ್ತದೆ. ಕಾಲು ಆಕ್ಸಿಲರೇಟರ್ ಮೇಲಿದ್ದಷ್ಟು ಹೊತ್ತು ಗಾಡಿ ಓಡುತ್ತದೆ, ತೆಗೆದರೆ ಸಾಯುತ್ತದೆ. ‘ಟಿಕ್’ ಕೇಳದಿದ್ದರೆ ಮೊದಲು ವೈರಿನ ತುದಿ ಉಜ್ಜಿ, ಟೆಸ್ಟ್ ಲ್ಯಾಂಪ್ ಹಿಡಿದು ಕರೆಂಟ್ ಬರುತ್ತಿದೆಯೇ ನೋಡಿ. ಕಾರ್ಬುರೇಟರ್ ಬಿಚ್ಚುವಾಗ ಈ ವೈರನ್ನು ಸಿಕ್ಕಿಸಲು ಮರೆತವರೂ ಇದ್ದಾರೆ.

ಅರ್ಧ ಗಂಟೆ ಓಡಿದ ಮೇಲೆ ಉಸಿರು ಕಟ್ಟಿದಂತಾಗಿ ನಿಂತರೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ. ‘ಸುಸ್’ ಎಂದು ಗಾಳಿ ಒಳಗೆ ಹೋಗಿ ಗಾಡಿ ಮತ್ತೆ ಹೊರಟರೆ ಟ್ಯಾಂಕಿಗೆ ಗಾಳಿ ಬರುವ ದಾರಿ ಕಟ್ಟಿದೆ. ಏಪ್ರಿಲ್ ಬಿಸಿಲಿನಲ್ಲಿ, ಟ್ರಾಫಿಕ್ಕಿನಲ್ಲಿ ತೆವಳುವಾಗ ನಿಂತರೆ ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯಿರಿ. ಹೊರಟರೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟಿತ್ತು.

ಈಚೆಗೆ ಸೇರಿಕೊಂಡ ಹೊಸ ತಲೆನೋವು ಎಥೆನಾಲ್. 2025ರ ಹೊತ್ತಿಗೆ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಈ ಮಿಶ್ರಣಕ್ಕೆ ಸುಮಾರು 13.5 ಸಾಕು, ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲ್ ಹೆಚ್ಚು ಬೇಕು. ಇಂಜೆಕ್ಷನ್ ಗಾಡಿ ಸ್ವಲ್ಪಮಟ್ಟಿಗೆ ಹೊಂದಿಸಿಕೊಳ್ಳುತ್ತದೆ. ಕಾರ್ಬುರೇಟರಿನ ಜೆಟ್‌ಗೆ ಆ ಬುದ್ಧಿಯಿಲ್ಲ, ಅದು ಹಳೆಯ ಲೆಕ್ಕದಲ್ಲೇ ಕೊಡುತ್ತದೆ. ಹೀಗಾಗಿ ಮೊದಲೇ ಅಂಚಿನಲ್ಲಿದ್ದ ಐಡ್ಲಿಂಗ್ ಪೆಟ್ರೋಲ್ ಸಾಲದೆ ಕುಂಟುತ್ತದೆ. ಹಳೆಯ ರಬ್ಬರ್ ಕೊಳವೆಗಳೂ ಪಂಪಿನ ಪೊರೆಯೂ ಎಥೆನಾಲ್‌ಗೆ ಊದುತ್ತವೆ, ಬಿರಿಯುತ್ತವೆ. ಜೊತೆಗೆ ಎಥೆನಾಲ್ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಟ್ಯಾಂಕಿನೊಂದಿಗೆ ಎರಡು ತಿಂಗಳು ನಿಲ್ಲಿಸಿದ ಗಾಡಿಯಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ, ಒಂದು ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆಯೇ ಒಂದು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿಸದೆ ಬೇರೆ ಮಾರ್ಗವಿಲ್ಲ. ಕೊಳವೆ ಬದಲಿಸುವಾಗ ಮೀಟರ್ ಲೆಕ್ಕದಲ್ಲಿ ಸಿಗುವ ಅಗ್ಗದ ಪೈಪ್ ಬೇಡ, ಎಥೆನಾಲ್ ತಡೆಯುವಂಥದ್ದನ್ನೇ ಕೇಳಿ ತೆಗೆದುಕೊಳ್ಳಿ.

ಇಷ್ಟೆಲ್ಲ ಸರಿಯಿದ್ದೂ ಗಾಡಿ ಚೋಕ್ ಎಳೆದಾಗ ಮಾತ್ರ ಕುಂಟದೆ ಓಡುತ್ತದೆಂದರೆ, ಆಗ ಕಾರ್ಬುರೇಟರ್ ಬಿಚ್ಚಿ. ಸ್ಲೋ ಜೆಟ್ ಕಟ್ಟಿರುತ್ತದೆ. ಒತ್ತಡದ ಗಾಳಿಯಿಂದ ಊದಿಸಿ, ತಂತಿ ತೂರಿಸಬೇಡಿ. ತೂತು ದೊಡ್ಡದಾದರೆ ಆ ಜೆಟ್ ಕೆಲಸಕ್ಕೆ ಬಾರದು. ಪ್ರತಿ ಸಲವೂ ಹೊಸ ಪ್ಯಾಕಿಂಗ್. ಏಕೆಂದು ಮೇಲೆ ಹೇಳಿದ್ದೇನೆ.

ವಾಲ್ವ್

ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್‌ನ ಸದ್ದು ಕೇಳಿದರೆ ಜನ ಹೆದರುತ್ತಾರೆ. ನಾನು ಹೆದರುವುದು ಸದ್ದೇ ಇಲ್ಲದ ಟ್ಯಾಪೆಟ್‌ಗೆ. ಸಂದು ತೀರಾ ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಐಡ್ಲಿಂಗ್ ಕುಂಟುತ್ತದೆ, ಕೆಲವು ತಿಂಗಳಲ್ಲಿ ಎಕ್ಸಾಸ್ಟ್ ವಾಲ್ವಿನ ಅಂಚು ಸುಡುತ್ತದೆ. ಗ್ಯಾಸ್ ಕಿಟ್ ಹಾಕಿಸಿದ ಗಾಡಿಗಳಲ್ಲಿ ಇದನ್ನು ಇನ್ನೂ ಬೇಗ ನೋಡಬೇಕು. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಅಳೆಸಿ: ಮೂರು ಸಿಲಿಂಡರ್‌ಗಳ ನಡುವೆ ಚದರ ಸೆಂ.ಮೀ.ಗೆ ಒಂದು ಕಿಲೋಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಡಿಮೆಯಿರುವುದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಮ್ಯಾನಿಫೋಲ್ಡಿನ ನಿರ್ವಾತ ಅಳೆಯುವ ವ್ಯಾಕ್ಯೂಮ್ ಗೇಜ್ ಇರುವ ಮೇಸ್ತ್ರಿ ಸಿಕ್ಕರೆ ಪುಣ್ಯ. ಸಮುದ್ರಮಟ್ಟದಲ್ಲಿ ಒಳ್ಳೆಯ ಎಂಜಿನ್ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ, ಮುಳ್ಳು ಅಲುಗುವುದಿಲ್ಲ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಿರಿ. ಮಂಗಳೂರಿನ 19 ಬೆಂಗಳೂರಿನಲ್ಲಿ 16 ಆದರೆ ಗಾಬರಿ ಬೇಡ. ಮುಳ್ಳು ತಾಳಬದ್ಧವಾಗಿ ಕುಣಿದರೆ ವಾಲ್ವ್, ಸ್ಥಿರವಾಗಿ ತಗ್ಗಿ ನಿಂತರೆ ಕಳ್ಳಗಾಳಿ ಅಥವಾ ಹಿಂದೆ ಬಿದ್ದ ಟೈಮಿಂಗ್. ಕರಾವಳಿಯಲ್ಲಿ ಟ್ಯೂನ್ ಮಾಡಿಸಿದ ಕಾರ್ಬುರೇಟರ್ ಮಡಿಕೇರಿಯಲ್ಲಿ ಕಪ್ಪು ಹೊಗೆ ಬಿಡುವುದಕ್ಕೂ ಇದೇ ಎತ್ತರ ಕಾರಣ. ಅಲ್ಲಿ ಗಾಳಿ ತೆಳು, ಜೆಟ್ ಮಾತ್ರ ಅದೇ.

ಎಂ.ಪಿ.ಎಫ್.ಐ. 800, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಷನ್ ಇರುವ ಗಾಡಿ, ಇರುವವರಿಗೆ ಎರಡು ಮಾತು: ಕಳ್ಳಗಾಳಿ, ಪ್ಲಗ್, ಕಂಪ್ರೆಷನ್ ನಿಮಗೂ ಹಾಗೆಯೇ. ಮಿಶ್ರಣದ ಸ್ಕ್ರೂ ನಿಮಗಿಲ್ಲ. ಅದರ ಜಾಗದಲ್ಲಿ ಮಸಿ ಹಿಡಿದ ಥ್ರಾಟಲ್ ಬಾಡಿ, ಅಂಟಿಕೊಂಡ ಐಡಲ್ ಏರ್ ವಾಲ್ವ್, ಸುಳ್ಳು ಹೇಳುವ ಕೂಲೆಂಟ್ ಸೆನ್ಸರ್. ಈ ಕ್ರಮದಲ್ಲೇ ನೋಡಿ.

ಕೊನೆಗೆ ಸ್ಕ್ರೂ

ಎಂಜಿನ್ ಪೂರ್ತಿ ಬಿಸಿ, ಚೋಕ್ ಒಳಗೆ, ಲೈಟು, ಎ.ಸಿ. ಎಲ್ಲ ಬಂದ್. ಮಿಶ್ರಣದ ಸ್ಕ್ರೂ ಈಗ ಎಷ್ಟು ಸುತ್ತು ಹೊರಗಿದೆ ಎಂದು ಒಳತಿರುಗಿಸಿ ಎಣಿಸಿ ಬರೆದಿಡಿ. ತಳ ಮುಟ್ಟಿದ ಮೇಲೆ ಒತ್ತಿದರೆ ಸೂಜಿಯ ಮೊನೆ ಹಾಳು. ಹಿಂದಿದ್ದಲ್ಲಿಗೇ ತಂದು ಎಂಜಿನ್ ಸ್ಟಾರ್ಟ್ ಮಾಡಿ, ಕಾಲು ಸುತ್ತಿನಷ್ಟು ಅತ್ತಿತ್ತ ತಿರುಗಿಸುತ್ತ ಎಂಜಿನ್ ಅತಿ ಜೋರಾಗಿ, ಅತಿ ಸಮನಾಗಿ ಓಡುವ ಜಾಗ ಹುಡುಕಿ. ಆಮೇಲೆ ಥ್ರಾಟಲ್ ಸ್ಕ್ರೂನಿಂದ ವೇಗವನ್ನು 900ರ ಆಸುಪಾಸಿಗೆ ಇಳಿಸಿ. ಮತ್ತೊಮ್ಮೆ ಮಿಶ್ರಣ, ಮತ್ತೊಮ್ಮೆ ವೇಗ. 800ರಲ್ಲಿ ಆರ್.ಪಿ.ಎಂ. ಮೀಟರ್ ಇಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಒಳಗನ್ನಡಿಯಲ್ಲಿ ಹಿಂದಿನ ಲಾರಿಯ ಹಣೆಬರಹ ಅದುರದೆ ಓದಲು ಬಂದರೆ ಹೊಂದಾಣಿಕೆ ಕೂತಿದೆ.

ಇನ್ನೂ ಖಚಿತವಾಗಬೇಕಿದ್ದರೆ ಎಮಿಷನ್ ಟೆಸ್ಟ್ ಕೇಂದ್ರಕ್ಕೆ ಹೋಗಿ, ಚೀಟಿ ಮಾತ್ರ ತೆಗೆದುಕೊಂಡು ಬರದೆ ಅಂಕಿಗಳನ್ನು ಓದಿ. ಭಾರತ್ ಸ್ಟೇಜ್ ನಿಯಮಗಳಿಗೆ ಮುಂಚಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3, ಹೈಡ್ರೋಕಾರ್ಬನ್ ಮಿತಿ 1500 ಪಿ.ಪಿ.ಎಂ. ಮೊದಲನೆಯದು ಹೆಚ್ಚಿದ್ದರೆ ಪೆಟ್ರೋಲ್ ಹೆಚ್ಚು. ಮೊದಲನೆಯದು ಕಡಿಮೆಯಿದ್ದು ಎರಡನೆಯದು ಮಾತ್ರ ಏರಿದ್ದರೆ ಪೆಟ್ರೋಲ್ ಉರಿಯದೆ ಹೊರಹೋಗುತ್ತಿದೆ, ಅಂದರೆ ಕಿಡಿ ತಪ್ಪುತ್ತಿದೆ ಇಲ್ಲವೇ ಗಾಳಿ ಹೆಚ್ಚಾಗಿದೆ. ನನ್ನ ಹಳೆಯ ಎರಡು ಚೀಟಿಗಳಲ್ಲಿ ಈ ಎರಡನೆಯ ಲಕ್ಷಣ ಸ್ಪಷ್ಟವಾಗಿ ಅಚ್ಚಾಗಿತ್ತು. ವಿಂಡ್‌ಶೀಲ್ಡಿಗೆ ಅಂಟಿಸಿಕೊಂಡು ಒಂದು ವರ್ಷ ಓಡಾಡಿದ್ದೆ, ಓದಿರಲಿಲ್ಲ.

ಹೊಸ ಬಿಲ್ಲೆ, ಹೊಸ ಪ್ಯಾಕಿಂಗ್ ಹಾಕಿಸಿದವರು 500 ಕಿ.ಮೀ. ಓಡಿಸಿದ ಮೇಲೆ, ಎಂಜಿನ್ ತಣ್ಣಗಿರುವಾಗ, ಕಾರ್ಬುರೇಟರ್ ಬುಡದ ನಟ್‌ಗಳನ್ನು ಮತ್ತೊಮ್ಮೆ ನೋಡಿ. ಎದುರುಬದುರಾಗಿ, ಸ್ವಲ್ಪಸ್ವಲ್ಪವೇ, ಚಿಕ್ಕ ಹಿಡಿಯ ಸ್ಪ್ಯಾನರ್‌ನಿಂದ. ನನ್ನದರಲ್ಲಿ ಎರಡು ನಟ್ ಕಾಲು ಸುತ್ತಿನಷ್ಟು ಸಡಿಲಾಗಿದ್ದವು.